ಗುರುತಿಲ್ಲದ ಕಡಲಿನಲ್ಲಿ ಅಲೆ ಸ್ಪರ್ಧೆ: ಟೈರೀ ದ್ವೀಪದ ಒಂದು ವಿಂಡ್‌ಸರ್ಫಿಂಗ್ ಪ್ಯಾಕೇಜಿನ ವಿಮರ್ಶೆ

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಇನ್ನರ್ ಹೆಬ್ರಿಡೀಸ್ ದ್ವೀಪಸಮೂಹದ ಹೊರ ಅಂಚಿನಲ್ಲಿರುವ ಟೈರೀ ದ್ವೀಪದಲ್ಲಿ ಅಕ್ಟೋಬರ್ ತಿಂಗಳಲ್ಲಿ ನಡೆಯುವ ಟೈರೀ ವೇವ್ ಕ್ಲಾಸಿಕ್, ಬ್ರಿಟನ್ನಿನ ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟ) ವಲಯದಲ್ಲಿ ದಶಕಗಳಿಂದ ಹೆಸರು ಮಾಡಿರುವ ಅಲೆ ಸ್ಪರ್ಧೆ. ವೃತ್ತಿಪರರಿಗೊಂದು ವಿಭಾಗವಿರುವಂತೆ ಹವ್ಯಾಸಿಗಳಿಗೂ ಒಂದಿದೆ. ಆದ್ದರಿಂದ ವಾರವಿಡೀ ಕಚೇರಿಯಲ್ಲಿ ಕುಳಿತು ಶನಿವಾರ, ಭಾನುವಾರಗಳಲ್ಲಿ ಮಾತ್ರ ನೀರಿಗಿಳಿಯುವ ನನ್ನಂಥವರೂ ಶುಲ್ಕ ಕಟ್ಟಿ ಕಣಕ್ಕಿಳಿಯಬಹುದು. ಆ ದ್ವೀಪವನ್ನು ಹಿಂದೆ ನೋಡಿಯೇ ಇರದ ಸ್ಪರ್ಧಿಗಳಿಗಾಗಿ ಒಂದು ಪುಟ್ಟ ಸಂಸ್ಥೆ ಬಾಡಿಗೆ ಸಲಕರಣೆ, ವಸತಿ, ಸ್ಪರ್ಧೆಗೆ ಮುಂಚಿನ ದಿನಗಳಲ್ಲಿ ಕಡಲತೀರಗಳ ಪರಿಚಯ ಈ ಮೂರನ್ನೂ ಸೇರಿಸಿ ಒಂದು ಪ್ಯಾಕೇಜು ನೀಡುತ್ತದೆ. ಅದನ್ನು ಪಡೆದು ಹೋಗಿ ಬಂದವನಾಗಿ, ಕೊಟ್ಟ ಹಣಕ್ಕೆ ಅದರಲ್ಲಿ ಯಾವುದು ತಕ್ಕುದು, ಯಾವುದು ಅಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅದನ್ನು ನಡೆಸುವವರು ಇಬ್ಬರೇ, ನನ್ನ ಬರಹದಲ್ಲಿ ದೂರುಗಳೂ ಇವೆ; ಮೇಲಾಗಿ, ಇಂಥ ಸೇವೆಯನ್ನು ಯಾರಿಂದ ಪಡೆದರೂ ವಿಚಾರಿಸಬೇಕಾದ ಸಂಗತಿಗಳು ಹೆಚ್ಚುಕಡಿಮೆ ಇವೇ.

ನಾನು ಈ ಆಟ ಕಲಿತದ್ದು ಉತ್ತರ ಜರ್ಮನಿಯಲ್ಲಿ, ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ; ಕೆಲಸದ ನಿಮಿತ್ತ ಬೆಂಗಳೂರಿನಿಂದ ಹ್ಯಾಂಬರ್ಗಿಗೆ ಹೋದ ಮೇಲೆ ಹತ್ತಿದ ಹುಚ್ಚು ಇದು. ಬಾಲ್ಟಿಕ್ ಸುತ್ತಲೂ ನೆಲ ಆವರಿಸಿದ ಕಡಲು. ಅಲ್ಲಿಯ ಉಬ್ಬರವಿಳಿತ ಗೇಣುದ್ದವೂ ಇಲ್ಲ. ಗಾಳಿಯೊಂದಿಗೆ ಏಳುವ ಅಲೆ ಗಾಳಿಯೊಂದಿಗೇ ಅಡಗುತ್ತದೆ, ಒಂದು ಅಲೆಗೂ ಮುಂದಿನದಕ್ಕೂ ನಾಲ್ಕೈದು ಸೆಕೆಂಡು ಅಂತರವಿದ್ದರೆ ಹೆಚ್ಚು. ಟೈರೀ ದ್ವೀಪದಿಂದ ನೇರ ಪಶ್ಚಿಮಕ್ಕೆ ಹೊರಟರೆ ಕೆನಡಾದವರೆಗೆ ನೆಲ ಸಿಗುವುದಿಲ್ಲ. ಎಲ್ಲೋ ಅಟ್ಲಾಂಟಿಕ್ ನಡುವಿನ ಬಿರುಗಾಳಿ ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ, ದಾರಿಯಲ್ಲಿ ಸಣ್ಣಪುಟ್ಟವೆಲ್ಲ ಕಳಚಿಕೊಂಡು, ಹತ್ತು ಹನ್ನೆರಡು ಸೆಕೆಂಡುಗಳ ಅಂತರದಲ್ಲಿ ಇಲ್ಲಿಗೆ ತಲುಪುತ್ತವೆ. ಅಂತರ ಹೆಚ್ಚಿರುವ ಅಲೆ ನೀರಿನ ಆಳದವರೆಗೂ ಚಲನೆಯನ್ನು ಹೊತ್ತು ಬರುವುದರಿಂದ ಕಡಲ ತಳ ಅದಕ್ಕೆ ಬೇಗ ತಾಗುತ್ತದೆ. ತಾಗಿದೊಡನೆ ವೇಗ ಕುಗ್ಗಿ ಅದು ಮೇಲಕ್ಕೆ ಏಳುತ್ತದೆ. ಹೀಗಾಗಿ ಮುನ್ಸೂಚನೆಯಲ್ಲಿ ಎರಡು ಮೀಟರ್ ಎಂದಿದ್ದರೆ ಬಾಲ್ಟಿಕ್‌ನಲ್ಲಿ ಅದರ ಅರ್ಥವೇ ಬೇರೆ, ಟೈರೀಯಲ್ಲಿ ಬೇರೆ. ಉಬ್ಬರವಿಳಿತಗಳ ನಡುವಿನ ವ್ಯತ್ಯಾಸವೂ ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಮೂರು ಮೀಟರು ಮೀರುತ್ತದೆ. ಮಂಗಳೂರಿನ ಕಡಲನ್ನು ಬಲ್ಲವರು ಅಲ್ಲಿಯದರ ಸುಮಾರು ಇಮ್ಮಡಿ ಎಂದು ಎಣಿಸಬಹುದು.

ವಿಂಡ್‌ಸರ್ಫಿಂಗ್ ಎಂದೊಡನೆ ಒಲಿಂಪಿಕ್ಸ್‌ನಲ್ಲಿ ತೇಲುಗುರುತುಗಳನ್ನು ಸುತ್ತಿ ಓಡುವ ಪಂದ್ಯ ಕಣ್ಣಿಗೆ ಬರುವವರಿಗೆ ಒಂದು ಮಾತು. ಒಲಿಂಪಿಕ್ಸ್‌ನಲ್ಲಿ 1984ರಿಂದ ಇರುವುದು ವೇಗದ ಪಂದ್ಯ ಮಾತ್ರ. ಅಲೆ ಸ್ಪರ್ಧೆಯಲ್ಲಿ ಯಾರು ಮೊದಲು ತಲುಪಿದರು ಎಂಬ ಪ್ರಶ್ನೆಯೇ ಇಲ್ಲ. ನಿಗದಿತ ನಿಮಿಷಗಳ ಒಂದು ಹೀಟ್‌ನಲ್ಲಿ ಇಬ್ಬರೋ ನಾಲ್ವರೋ ಒಟ್ಟಿಗೆ ನೀರಿನಲ್ಲಿರುತ್ತಾರೆ. ಹೊರಗೆ ಹೋಗುವಾಗ ಎದುರು ಬರುವ ಅಲೆಯನ್ನು ಚಿಮ್ಮುಹಲಗೆ ಮಾಡಿಕೊಂಡು ಜಿಗಿಯಬೇಕು, ಒಳಗೆ ಬರುವಾಗ ಅಲೆಯ ಮುಖದ ಮೇಲೆ ಇಳಿದು, ತಿರುಗಿ, ತುದಿಗೆ ಬಡಿದು ಮತ್ತೆ ಇಳಿಯಬೇಕು. ದಂಡೆಯ ಮೇಲೆ ಕುಳಿತ ತೀರ್ಪುಗಾರರು ಒಬ್ಬೊಬ್ಬರ ಉತ್ತಮ ಜಿಗಿತ, ಉತ್ತಮ ಸವಾರಿಗಳಿಗೆ ಅಂಕ ಕೊಡುತ್ತಾರೆ. ಎಷ್ಟು ಜಿಗಿತ, ಎಷ್ಟು ಅಲೆ ಲೆಕ್ಕಕ್ಕೆ ಎಂಬುದನ್ನು ಆ ದಿನದ ಕಡಲನ್ನು ನೋಡಿ ಮೊದಲೇ ಸಾರಲಾಗುತ್ತದೆ. ಆದ್ದರಿಂದ ಒಳ್ಳೆಯ ಅಲೆ ಏಳುವ ಜಾಗದಲ್ಲಿ, ಅದು ಏಳುವ ಹೊತ್ತಿಗೆ ಇರುವುದೇ ಅರ್ಧ ಗೆಲುವು. ಎಷ್ಟೇ ಪಳಗಿದ ಕೈಯಾದರೂ ಅಲೆ ಸಿಗದಿದ್ದರೆ ತೋರಿಸಲು ಏನೂ ಉಳಿಯುವುದಿಲ್ಲ.

ಜಗತ್ತಿನ ಹೆಸರಾಂತ ಅಲೆ ಕಣಗಳ ಪೈಕಿ ಗ್ರಾನ್ ಕನೇರಿಯಾ ದ್ವೀಪದ ಪೋಜೊ ಇಸ್ಕಿಯೆರ್ದೊದಲ್ಲಿ ಬೇಸಿಗೆಯುದ್ದಕ್ಕೂ ವಾಣಿಜ್ಯ ಮಾರುತ ಎಡಗಡೆಯಿಂದ ಹುಚ್ಚೆದ್ದು ಬೀಸುತ್ತದೆ. ಹವಾಯಿಯ ಮಾವಿ ದ್ವೀಪದ ಹೂಕಿಪಾದಲ್ಲಿ ಅದು ಬಲಗಡೆಯಿಂದ ಬರುತ್ತದೆ. ಕಡಲಿಗೆ ಮುಖಮಾಡಿ ನಿಂತಾಗ ಗಾಳಿ ಎಡದಿಂದ ಬಂದರೆ ಎಡಗೈ, ಎಡಗಾಲು ಮುಂದಿಟ್ಟು ಜಿಗಿಯಬೇಕು. ಬಲದಿಂದ ಬಂದರೆ ಎಲ್ಲವೂ ತಿರುವುಮುರುವು. ಪೋಜೊಗೆ ಹೋಗುವವನು ತಿಂಗಳುಗಟ್ಟಲೆ ಎಡಗಾಳಿಯನ್ನೇ ಅಭ್ಯಾಸ ಮಾಡಿಕೊಂಡು ಹೋಗಬಹುದು. ಅಲ್ಲಿಯೇ ಪಳಗಿ ವಿಶ್ವ ಚಾಂಪಿಯನ್ನರಾದ ದೈದಾ ಮತ್ತು ಇಬಾಯಾ ಮೊರೆನೊ ಎಂಬ ಅವಳಿ ಸೋದರಿಯರಿಗೂ, ಅದೇ ದ್ವೀಪದಲ್ಲಿ ಬೆಳೆದ ಫಿಲಿಪ್ ಕೋಸ್ಟರ್‌ಗೂ ಅಲ್ಲಿಯ ಒಂದೊಂದು ಕಲ್ಲಿನ ಪರಿಚಯವಿದ್ದೀತು ಎನ್ನುವುದು ನಿಜವಾದರೂ, ಕಣ ಯಾವುದು, ಗಾಳಿ ಎತ್ತಲಿಂದ ಎಂಬ ವಿಷಯದಲ್ಲಿ ಹೊರಗಿನವನಿಗೆ ಅನುಮಾನವಿರುವುದಿಲ್ಲ. ಟೈರೀಯ ಸಂಗತಿ ಹಾಗಲ್ಲ. ಸುಮಾರು 19 ಕಿಲೋಮೀಟರ್ ಉದ್ದದ, ಮರಗಳಿಲ್ಲದ, ಬಹುಪಾಲು ಅಂಗೈಯಷ್ಟು ಸಮತಟ್ಟಾದ ಆ ದ್ವೀಪದ ಸುತ್ತ ಎಲ್ಲ ದಿಕ್ಕಿಗೂ ಮುಖಮಾಡಿದ ಮರಳು ಕೊಲ್ಲಿಗಳಿವೆ. ಅಲ್ಲಿಯ ಗಾಳಿ ವಾಯುಭಾರ ಕುಸಿತಗಳ ಜೊತೆ ಬರುತ್ತದೆ: ಮುಂಚೆ ನೈಋತ್ಯದಿಂದ, ಶೀತಮುಖ (ಅವುಗಳ ಹಿಂದೆ ಬರುವ ತಣ್ಣನೆಯ ಗಾಳಿಯ ಮುಂಚೂಣಿ) ದಾಟಿದ ಮೇಲೆ ವಾಯವ್ಯದಿಂದ. ಯಾವ ಕೊಲ್ಲಿಯಲ್ಲಿ ಸ್ಪರ್ಧೆ ಎಂಬುದು ಆಯಾ ಬೆಳಗ್ಗೆ ಗಾಳಿ ನೋಡಿದ ಮೇಲಷ್ಟೇ ನಿಶ್ಚಯವಾಗುತ್ತದೆ. ಒಂದು ತೀರವನ್ನು ದೂರದಿಂದಲೇ ಉರುಹಚ್ಚಿಕೊಂಡು ಹೋಗುವ ದಾರಿ ಇಲ್ಲಿ ಮುಚ್ಚಿದೆ. ಹೊಸಬನೊಬ್ಬ ಈ ದ್ವೀಪದಲ್ಲಿ ಹಣ ತೆತ್ತು ಕೊಳ್ಳಬೇಕಾದ ವಸ್ತು ಏನಾದರೂ ಇದ್ದರೆ ಅದು ನೀರಿನ ಪರಿಚಯ. ಬೋರ್ಡು, ಹಾಯಿಗಳು ಎಲ್ಲಿಯಾದರೂ ಸಿಗುತ್ತವೆ. ಈ ಅಳತೆಗೋಲಿನಿಂದಲೇ ನಾನು ಪ್ಯಾಕೇಜನ್ನು ಅಳೆದಿದ್ದೇನೆ.

ಕಡಲ ಪರಿಚಯದ ಭಾಗ ನಿಸ್ಸಂಶಯವಾಗಿ ಅತ್ಯುತ್ತಮ. ಸಂಸ್ಥೆಯ ಇಬ್ಬರಲ್ಲಿ ಹಿರಿಯರಾದ ಮಹಿಳೆ ಈ ಹೊಣೆ ಹೊತ್ತವರು. ನಾನು ಸೇರಿಕೊಂಡ ದಿನ ಗಾಳಿ ಚೆನ್ನಾಗಿಯೇ ಇತ್ತು, ನಾವೆಲ್ಲ ಚಳಿ ತಡೆಯುವ ರಬ್ಬರ್ ಉಡುಪಾದ ವೆಟ್‌ಸೂಟ್ ತೊಟ್ಟು ತುದಿಗಾಲಿನಲ್ಲಿದ್ದೆವು. ಅವರು ನಮ್ಮನ್ನು ನೀರಿಗೆ ಬಿಡದೆ ಬ್ಯಾಲೆವುಲಿನ್ ಕೊಲ್ಲಿಯ ಹಿಂದಿರುವ ಬೆನ್ ಹೋ ಗುಡ್ಡಕ್ಕೆ ಹತ್ತಿಸಿದರು. ನೂರಿಪ್ಪತ್ತು ಮೀಟರಿನಷ್ಟು ಎತ್ತರದ ಆ ದಿಬ್ಬವನ್ನು ನಮ್ಮ ಮಲೆನಾಡಿನವರು ಗುಡ್ಡವೆಂದು ಒಪ್ಪಲಾರರು. ಆದರೆ ಕೊಲ್ಲಿಯ ಅಷ್ಟೂ ನೀರು ಅಲ್ಲಿಂದ ನಕ್ಷೆಯಂತೆ ಕಾಣುತ್ತದೆ. ಅಲೆ ಒಡೆದು ನೊರೆಯಾಗುವ ಗೆರೆ ಎಲ್ಲಿ ತುಂಡಾಗಿದೆ, ಎಲ್ಲಿ ನೀರು ಕಪ್ಪಗೆ, ಸುಕ್ಕು ಸುಕ್ಕಾಗಿ ಹೊರಕ್ಕೆ ಹರಿಯುತ್ತಿದೆ ಎಂಬುದನ್ನು ನಾವೇ ಹುಡುಕಿ ಹೇಳಬೇಕಿತ್ತು. ದಂಡೆಗೆ ಬಂದು ಬಿದ್ದ ನೀರು ಮರಳಿ ಕಡಲಿಗೆ ಹೋಗುವ ಆ ಹಾದಿಯಲ್ಲಿ ಅಲೆಗಳು ಕಡಿಮೆ, ಹೊರಗೆ ಹೋಗುವವನಿಗೆ ಅದೇ ಹೆದ್ದಾರಿ. ಮೂಲ್ಕಿ, ಸಸಿಹಿತ್ಲುಗಳಲ್ಲಿ ಸರ್ಫಿಂಗ್ ಕಲಿತವರಿಗೆ ಇದು ಹೊಸ ಪಾಠವೇನಲ್ಲ. ಹಾಯಿಯ ಬಲವನ್ನೇ ನಂಬಿ ಬೆಳೆದ ನನ್ನಂಥವರು ಮಾತ್ರ ನೇರ ನೊರೆಯ ಮಧ್ಯೆ ನುಗ್ಗಿ ಹೋಗುವುದನ್ನೇ ಶೌರ್ಯ ಎಂದುಕೊಂಡಿರುತ್ತೇವೆ.

ಬಳಿಕ ಅಲೆಗಳ ಗುಂಪುಗಳನ್ನು ಎಣಿಸುವ ಕೆಲಸ. ದೊಡ್ಡ ಅಲೆಗಳು ಬಿಡಿಬಿಡಿಯಾಗಿ ಬಾರದೆ ಗುಂಪುಗಟ್ಟಿ ಬರುತ್ತವೆ, ಎರಡು ಗುಂಪುಗಳ ನಡುವೆ ಕೆಲವು ನಿಮಿಷ ಕಡಲು ಸುಮ್ಮನಿರುತ್ತದೆ. ಆ ಬಿಡುವು ಎಷ್ಟು, ಗುಂಪಿನಲ್ಲಿ ಎಷ್ಟನೆಯ ಅಲೆ ಎತ್ತರದ್ದು, ಅದು ಮೊದಲು ಒಡೆಯುವುದು ಕೊಲ್ಲಿಯ ಯಾವ ಮಗ್ಗುಲಲ್ಲಿ, ಇಷ್ಟನ್ನು ಗಡಿಯಾರ ಹಿಡಿದು ಬರೆದಿಟ್ಟುಕೊಳ್ಳಲು ಹೇಳಿದರು. ಹತ್ತು ನಿಮಿಷದ ಆಸುಪಾಸಿನ ಹೀಟ್‌ನಲ್ಲಿ ಅಂಥ ಒಂದೋ ಎರಡೋ ಗುಂಪುಗಳು ಮಾತ್ರ ಬರಬಹುದು. ಬಂದಾಗ ದಂಡೆಯ ಬಳಿ ಸಿಕ್ಕಿಹಾಕಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಈ ಲೆಕ್ಕ ಕೈಯಲ್ಲಿದ್ದವನು ಸಣ್ಣ ಅಲೆಯ ಆಸೆಗೆ ಬೀಳದೆ ಹೊರಗೆ ಕಾಯುತ್ತಾನೆ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಸಾಲುಗುರುತಿನ ಪಾಠ. ದಂಡೆಯ ಮೇಲಿನ ಒಂದು ವಸ್ತು, ಅದರ ಹಿಂದೆ ದೂರದಲ್ಲಿ ಇನ್ನೊಂದು ವಸ್ತು, ಇವೆರಡನ್ನೂ ಒಂದೇ ಗೆರೆಯಲ್ಲಿ ಕಂಡರೆ ನೀರಿನ ಮೇಲೆ ನಾವಿರುವ ಜಾಗ ಗೊತ್ತಾಗುತ್ತದೆ. ಮೀನುಗಾರರಿಗೆಲ್ಲ ತಿಳಿದ ಹಳೆಯ ಉಪಾಯ. ಬ್ಯಾಲೆವುಲಿನ್‌ನಲ್ಲಿ ನಾವು ಆರಿಸಿಕೊಂಡದ್ದು ಮರಳದಿಬ್ಬದ ಮೇಲಿನ ಒಂಟಿ ಬೇಲಿಗೂಟ ಮತ್ತು ಅದರ ಹಿಂದಿನ ಬಿಳಿ ಮನೆಯ ಚಿಮಣಿ. ಗೂಟದ ನೇರಕ್ಕೆ ಚಿಮಣಿ ಇದ್ದರೆ ಅಲೆ ಏಳುವ ಜಾಗದಲ್ಲಿದ್ದೇವೆ ಎಂದರ್ಥ. ಚಿಮಣಿ ಗೂಟದ ಎಡಕ್ಕೆ ಜಾರಿದ್ದರೆ ಗಾಳಿ ಹಾಗೂ ಸೆಳೆತ ಎರಡೂ ಸೇರಿ ನಮ್ಮನ್ನು ಕೊಲ್ಲಿಯ ಬಂಡೆಗಳ ಕಡೆಗೆ ಒಯ್ದಿವೆ, ಕೂಡಲೇ ಗಾಳಿಗೆದುರಾಗಿ ಏರಬೇಕು. ಗೂಟದ ತುದಿಗೆ ಕಿತ್ತಳೆ ಬಣ್ಣದ ಮೀನುಬಲೆಯ ಚೂರೊಂದು ಸುತ್ತಿಕೊಂಡಿತ್ತು. ಮಳೆಹನಿ ಕಣ್ಣಿಗೆ ರಾಚುವಾಗಲೂ ಅದು ಕಾಣುತ್ತದೆ ಎಂಬ ಕಾರಣಕ್ಕೇ ಆ ಗೂಟವನ್ನು ಆರಿಸಿದ್ದರು. ಇಂಥ ಸಂಗತಿಗಳು ಯಾವ ನಕ್ಷೆಯಲ್ಲೂ ಮುನ್ಸೂಚನೆಯಲ್ಲೂ ಇರುವುದಿಲ್ಲ.

ದ್ವೀಪದ ನೈಋತ್ಯ ಮೂಲೆಯ ಬ್ಯಾಲೆಫುಲ್ ಕೊಲ್ಲಿಯಲ್ಲೂ ಇದೇ ಕ್ರಮ. ಅದರ ಪಶ್ಚಿಮಕ್ಕೆ ಕೆನವಾರ ಎಂಬ ಬಂಡೆಭೂಶಿರವಿದೆ. ವಾಯವ್ಯದ ಗಾಳಿ ಆ ಬಂಡೆಗೆ ಬಡಿದು ಹರಿದುಹೋಗುವುದರಿಂದ ಕೊಲ್ಲಿಯ ಆ ಬದಿಯಲ್ಲಿ ಒಂದು ಕ್ಷಣ ಹಾಯಿ ಸತ್ತಂತೆ ಜೋಲುತ್ತದೆ, ಮರುಕ್ಷಣ ಕೈ ಕಿತ್ತುಹೋಗುವಂತೆ ಎಳೆಯುತ್ತದೆ. ಅಲೆ ಅಂದವಾಗಿ ಏಳುವುದು ಕೂಡ ಆ ಮಗ್ಗುಲಲ್ಲೇ ಎಂಬುದು ನಮ್ಮ ಮಾರ್ಗದರ್ಶಿಯ ಅನುಭವ. ಹೊರಗೆ ಹೋಗುವುದು ಕೊಲ್ಲಿಯ ನಡುವಿನಿಂದ, ಸವಾರಿಗೆ ಮಾತ್ರ ಬಂಡೆಯ ಕಡೆಗೆ ಏರಿಕೊಂಡು ಹೋಗುವುದು ಎಂದು ಅವರು ಮರಳಿನ ಮೇಲೆ ಗೆರೆ ಎಳೆದು ತೋರಿಸಿದರು. ಪೂರ್ವದ ಗಾಟ್ ಕೊಲ್ಲಿಗೂ ಕರೆದೊಯ್ದರು. ಅದು ಕಲಿಯುವವರ ನೆಮ್ಮದಿಯ ನೀರು, ಅಲೆ ಸ್ಪರ್ಧಿಗೆ ಅಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ, ಆ ಅರ್ಧ ದಿನವನ್ನು ಬೇರೆಡೆಗೆ ಕೊಟ್ಟಿದ್ದರೆ ಚೆನ್ನಾಗಿತ್ತು.

ಸುರಕ್ಷತೆಯ ವಿಷಯದಲ್ಲಿ ಅವರ ಕಟ್ಟುನಿಟ್ಟು ಮೆಚ್ಚುವಂಥದ್ದು. ಸ್ಪರ್ಧೆಯ ದಿನಗಳಲ್ಲಿ ನೀರಿನ ಮೇಲೆ ಕಣ್ಣಿಡುವವರು ಬೇಕಷ್ಟು ಜನರಿರುತ್ತಾರೆ. ಅಭ್ಯಾಸದ ದಿನಗಳಲ್ಲಿ ಖಾಲಿ ಕೊಲ್ಲಿಯಲ್ಲಿ ನಾವೇ ನಾವು. ಆಗ ಇಬ್ಬರಲ್ಲಿ ಒಬ್ಬರು ಸದಾ ದಂಡೆಯ ಮೇಲೆ ದುರ್ಬೀನು ಮತ್ತು ಕಡಲ ರೇಡಿಯೋ ಹಿಡಿದು ನಿಂತಿರುತ್ತಿದ್ದರು. ನೀರಿಗಿಳಿಯುವಾಗ ಹೆಸರು ಬರೆಸಬೇಕು, ಮೇಲೆ ಬಂದಾಗ ಅಳಿಸಬೇಕು. ಅಕ್ಟೋಬರಿನಲ್ಲಿ ಅಲ್ಲಿಯ ನೀರಿನ ಉಷ್ಣತೆ 12, 13 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮಾಸ್ಟ್ (ಹಾಯಿಯ ಕಂಬ) ಮುರಿದು ತೇಲುತ್ತ ನಿಂತವನಿಗೆ 5 ಮಿಲಿಮೀಟರ್ ದಪ್ಪದ ಸೂಟಿನೊಳಗೂ ಬೆರಳುಗಳು ಮಾತು ಕೇಳದಂತಾಗಲು ಹೆಚ್ಚು ಹೊತ್ತು ಬೇಡ.

ಇನ್ನು ಸಲಕರಣೆ. ದೂರುಗಳೆಲ್ಲ ಇಲ್ಲಿಂದ ಶುರು. ನನ್ನದೇ ಬೋರ್ಡನ್ನು ವಿಮಾನದಲ್ಲಿ ಗ್ಲಾಸ್ಗೋವರೆಗೆ ತರುವುದು ದುಬಾರಿ, ಅಲ್ಲಿಂದ ಟೈರೀಗೆ ಹಾರುವ ಪುಟಾಣಿ ವಿಮಾನದಲ್ಲಿ ಅದಕ್ಕೆ ಜಾಗವೂ ಇಲ್ಲ. ಹಾಗಾಗಿ ಬಾಡಿಗೆಯೇ ಗತಿ. ಪ್ಯಾಕೇಜಿನಲ್ಲಿ ನನಗೆ ಸಿಕ್ಕದ್ದು 84 ಲೀಟರ್ ಘನಗಾತ್ರದ ಒಂದು ಅಲೆ ಬೋರ್ಡು ಮತ್ತು 4.0, 4.7, 5.3 ಚದರ ಮೀಟರಿನ ಮೂರು ಹಾಯಿಗಳು. ಬೋರ್ಡಿನ ಬಗ್ಗೆ ಕೊರಗಿಲ್ಲ. 75 ಕಿಲೋ ತೂಕದವನಿಗೆ ಅದು ಸರಿಯಾದ ಗಾತ್ರ; ಅಡಿಯಲ್ಲಿ ಮೂರು ಫಿನ್‌ಗಳ (ದಿಕ್ಕು ಹಿಡಿಯುವ ರೆಕ್ಕೆಗಳ) ಜೋಡಣೆ, ಹಳತಾದರೂ ಗಟ್ಟಿಯಾಗಿದ್ದ ಪಾದಪಟ್ಟಿಗಳು, ಜಾರದ ಮೇಲ್ಮೈ, ಎಲ್ಲವೂ ಕ್ರಮವಾಗಿದ್ದವು. ಹಾಯಿಗಳ ಅಳತೆಯಲ್ಲಿ ಮಾತ್ರ ದೊಡ್ಡ ಅಂತರ ಬಿಟ್ಟಿದ್ದಾರೆ. ನನ್ನ ತೂಕಕ್ಕೆ 25ರಿಂದ 30 ನಾಟ್ (ಗಂಟೆಗೆ ಸುಮಾರು 46ರಿಂದ 56 ಕಿಲೋಮೀಟರ್) ಗಾಳಿಯಲ್ಲಿ ಬೇಕಾಗುವುದು 4.2ರಿಂದ 4.5ರ ಹಾಯಿ. ಟೈರೀಯ ಅಕ್ಟೋಬರಿನಲ್ಲಿ ಅತಿ ಸಾಮಾನ್ಯವಾಗಿ ಬೀಸುವ ಗಾಳಿಗೇ ಸರಿಹೊಂದುವ ಹಾಯಿ ಇಲ್ಲವೆಂದರೆ, ಮಳೆಗಾಲಕ್ಕೆ ಕೊಡೆ ಬಿಟ್ಟು ಉಳಿದೆಲ್ಲ ಮಾರುವ ಅಂಗಡಿಯಂತಾಯಿತು. ಕೇಳಿದಾಗ 4.5ರ ಹಾಯಿ ಇದೆ, ಬೇರೊಬ್ಬರು ಮೊದಲೇ ಕಾಯ್ದಿರಿಸಿದ್ದಾರೆ ಎಂಬ ಉತ್ತರ ಬಂತು. ಹಾಯಿಯ ಅಳತೆಯನ್ನು ಬುಕಿಂಗ್ ಸಮಯದಲ್ಲೇ ಹೆಸರಿಸಿ ಕಾಯ್ದಿರಿಸಬಹುದೆಂಬ ಸಂಗತಿಯನ್ನು ಅವರ ಪತ್ರವ್ಯವಹಾರದಲ್ಲಿ ಎಲ್ಲಿಯೂ ತಿಳಿಸಿರಲಿಲ್ಲ.

ಬಿಡಿಭಾಗಗಳಲ್ಲೂ ಏರುಪೇರಿತ್ತು. ಬೋರ್ಡು ಮತ್ತು ಮಾಸ್ಟನ್ನು ಕೂಡಿಸುವ ರಬ್ಬರ್ ಕೀಲು ಈ ಇಡೀ ಯಂತ್ರದ ಪ್ರಾಣ. ಅದು ನಡುನೀರಿನಲ್ಲಿ ತುಂಡಾದರೆ ಬೋರ್ಡು ಒಂದು ಕಡೆ, ಹಾಯಿ ಒಂದು ಕಡೆ. ಕೊಟ್ಟ ಕೀಲನ್ನು ಎರಡು ಕೈಯಲ್ಲಿ ಹಿಡಿದು ಪೂರ್ತಿ ಬಗ್ಗಿಸಿ ನೋಡಿದಾಗ, ನೆಟ್ಟಗಿರುವಾಗ ಕಾಣದಿದ್ದ ಕೂದಲೆಳೆಯಷ್ಟು ತೆಳ್ಳನೆಯ ಬಿರುಕೊಂದು ತಳದಂಚಿನಲ್ಲಿ ಬಾಯಿ ತೆರೆಯಿತು. ತೋರಿಸಿದ ಕೂಡಲೇ, ಒಂದು ಮಾತೂ ಆಡದೆ ಹೊಸದನ್ನು ತಂದುಕೊಟ್ಟರು. ಅದಕ್ಕೆ ಅವರನ್ನು ಮೆಚ್ಚಬೇಕು. ಆದರೆ ಅದನ್ನು ನಾನು ನೋಡಬೇಕಾಗಿ ಬಂದದ್ದೇಕೆ? ಬಾಡಿಗೆಗೆ ಕೊಡುವ ಮುನ್ನ ಪರೀಕ್ಷಿಸಬೇಕಾದ ಮೊದಲ ಭಾಗವೇ ಅದು. ಹಾಯಿಯ ಕೈಹಿಡಿಯಾದ ಬೂಮಿಗೆ ಕಟ್ಟುವ, ಸೊಂಟದ ಪಟ್ಟಿಯ ಕೊಕ್ಕೆಗೆ ಸಿಕ್ಕಿಸಿಕೊಳ್ಳುವ ಹಾರ್ನೆಸ್ ಹಗ್ಗಗಳು ಕೂಡ 24 ಇಂಚಿನವು, ಎತ್ತರದವರಿಗೆ ತೀರಾ ಗಿಡ್ಡ. ನಾನು ನನ್ನವೇ 28 ಇಂಚಿನ ಹಗ್ಗಗಳನ್ನು ಚೀಲದಲ್ಲಿ ತಂದಿದ್ದೆ. ಹಾರ್ನೆಸ್, ಸೂಟು, ಬೂಟು, ಹಗ್ಗ ಇಷ್ಟನ್ನಾದರೂ ಸ್ವಂತದ್ದನ್ನು ಒಯ್ಯುವುದು ಎಲ್ಲಿಗೆ ಹೋದರೂ ಒಳ್ಳೆಯದು; ಅವು ತೂಕವಲ್ಲ, ಮೈಗೆ ಹೊಂದಿಕೊಂಡಿರುವುದೇ ಅವುಗಳ ಬೆಲೆ.

ಸ್ಪರ್ಧೆಗೆ ಬರೋಣ. ಕಣ ಬ್ಯಾಲೆವುಲಿನ್ ಎಂದು ಬೆಳಗಿನ ಸಭೆಯಲ್ಲಿ ಗೊತ್ತಾಯಿತು. ನೈಋತ್ಯದ ಗಾಳಿ, ಎಡಗಡೆಯಿಂದ. 26, 27 ನಾಟ್ ಇದ್ದೀತು. 4.0 ಹಿಡಿದರೆ ಅಲೆಗಳ ನಡುವಿನ ತಗ್ಗಿನಲ್ಲಿ ಗಾಳಿ ಸಾಲದೆ ನಿಂತುಬಿಡುವ ಭಯ, 4.7 ಹಿಡಿದರೆ ಅಲೆಯ ಮೇಲೆ ತಿರುಗುವಾಗ ಹಾಯಿಯೇ ನಮ್ಮನ್ನು ತಿರುಗಿಸುವ ಭಯ. 4.7ನ್ನು ಚಪ್ಪಟೆಯಾಗುವಷ್ಟು ಬಿಗಿದು ಕಟ್ಟಿ ಇಳಿದೆ. ಹಳದಿ ಬಾವುಟ ಏರಿತೆಂದರೆ ಇನ್ನೊಂದು ನಿಮಿಷ, ಹಸಿರು ಏರಿತೆಂದರೆ ಆರಂಭ. ಆ ಹೊತ್ತಿಗೆ ಹೊರಗಿನ ನೀರಿನಲ್ಲಿ, ಅಲೆ ಏಳುವ ಜಾಗಕ್ಕೆ ಗಾಳಿಯ ಮೇಲ್ಬದಿಯಲ್ಲಿ ಇರಬೇಕು. ಗೂಟ, ಚಿಮಣಿ ಎರಡನ್ನೂ ಒಂದೇ ಗೆರೆಗೆ ತಂದು ನಿಂತದ್ದರಿಂದ ನಾನಿರುವ ಜಾಗದ ಬಗ್ಗೆ ಅನುಮಾನವಿರಲಿಲ್ಲ. ನನ್ನ ಎದುರಾಳಿಗಳಲ್ಲಿ ಇಬ್ಬರು, ಆ ತೀರವನ್ನು ನನಗಿಂತ ಹೆಚ್ಚು ಬಲ್ಲವರಿರಬಹುದಾದರೂ, ಸೆಳೆತಕ್ಕೆ ಸಿಕ್ಕು ಬಂಡೆಗಳ ಕಡೆಗೆ ಸರಿದುಹೋಗಿ ಹೀಟ್‌ನ ಬಹುಭಾಗವನ್ನು ಮರಳಿ ಏರುವುದರಲ್ಲೇ ಕಳೆದರು. ನನಗೆ ಗುಂಪಿನ ದೊಡ್ಡ ಅಲೆಯೇ ಸಿಕ್ಕಿತು. ಅದರ ಮುಖದ ಮೇಲೆ ಇಳಿದು ಮೊದಲ ತಿರುವು ಮುಗಿಸುವಷ್ಟರಲ್ಲಿ 4.7 ಎಳೆತ ತಡೆಯಲಾಗದೆ ಅಲೆಯ ತುದಿಯನ್ನು ತಪ್ಪಿಸಿ ನೇರ ಓಡಿದ್ದೇ ಓಡಿದ್ದು. ತೀರ್ಪುಗಾರರು ಅಂಥ ಸವಾರಿಗೆ ಹೆಚ್ಚೇನೂ ಕೊಡುವುದಿಲ್ಲ, ಕೊಡಬಾರದು ಕೂಡ. ಜಿಗಿತಗಳು ಪರವಾಗಿಲ್ಲ ಎನ್ನುವಂತಿದ್ದವು. ಆ ಸುತ್ತಿನಲ್ಲಿ ಸೋತೆ.

ಅಲೆ ಸ್ಪರ್ಧೆಗಳಲ್ಲಿ ಸೋತವರಿಗೆ ಮರುಸುತ್ತು ಎಂಬ ವ್ಯವಸ್ಥೆ ಇದೆ. ಮೊದಲ ಸುತ್ತಿನ ಸೋಲಿಗರು ಕೆಳಗಿನಿಂದ ಒಬ್ಬೊಬ್ಬರನ್ನೇ ಸೋಲಿಸುತ್ತ ಮೇಲೇರಬಹುದು. ಗಾಳಿ ಮತ್ತು ಸಮಯ ಒದಗಿದರೆ ಮಾತ್ರ ಅದು ನಡೆಯುತ್ತದೆ. ನಮಗೆ ಒದಗಿದವು, ಆದರೆ ಅಷ್ಟರಲ್ಲಿ ಶೀತಮುಖ ದಾಟಿ ಗಾಳಿ ವಾಯವ್ಯಕ್ಕೆ ತಿರುಗಿತ್ತು, ಕಣ ಬ್ಯಾಲೆಫುಲ್‌ಗೆ ಬದಲಾಗಿತ್ತು. ಈಗ ಗಾಳಿ ಬಲಗಡೆಯಿಂದ. ಒಂದೇ ಸ್ಪರ್ಧೆಯೊಳಗೆ ಎಡಗಾಲು ಮುಂದಿಟ್ಟು ಜಿಗಿದವನು ಬಲಗಾಲು ಮುಂದಿಟ್ಟು ಜಿಗಿಯಬೇಕಾದ ಇಂಥ ಪರೀಕ್ಷೆ ಪೋಜೊದಲ್ಲಾಗಲಿ ಹೂಕಿಪಾದಲ್ಲಾಗಲಿ ಇಲ್ಲ. ಹವ್ಯಾಸಿಗಳಲ್ಲಿ ಬಹುಪಾಲು ಜನ ಒಂದು ಕಡೆಗೆ ಮಾತ್ರ ಪಳಗಿರುತ್ತಾರೆ, ನಾನೂ ಅದಕ್ಕೆ ಹೊರತಲ್ಲ. ನನ್ನ ಪುಣ್ಯಕ್ಕೆ ನನ್ನ ಕೈ ಪಳಗಿದ್ದು ಬಲಗಾಳಿಗೇ. ಗಾಳಿ ಏರಿದ್ದರಿಂದ 4.0ರ ಹಾಯಿ ಹೇಳಿಮಾಡಿಸಿದಂತಿತ್ತು. ಕೊಲ್ಲಿಯ ನಡುವಿನಿಂದ ಹೊರಟು, ಕೆನವಾರದ ಕಡೆಗೆ ಏರಿ, ಹರಿದ ಗಾಳಿಯ ಅಂಚಿನಲ್ಲೇ ಅಲೆ ಹಿಡಿಯುವ ಆ ಮರಳಗೆರೆಯ ಯೋಜನೆ ನೀರಿನಲ್ಲಿ ಹಾಗೆಯೇ ನಡೆಯಿತು. ಗೆದ್ದು ಮುಂದೆ ಹೋದೆ, ಮುಂದೆ ನನಗಿಂತ ಚೆನ್ನಾಗಿ ಆಡಿದವರ ಕೈಯಲ್ಲಿ ಸೋತೆ. ಆ ಸೋಲಿಗೆ ಪ್ಯಾಕೇಜನ್ನು ದೂರುವಂತಿಲ್ಲ. ಮೊದಲ ಸೋಲಿನಲ್ಲಿ ಮಾತ್ರ ಹಾಯಿಯ ಅಳತೆಯ ಪಾಲಿದೆ ಎಂಬುದು ನನ್ನ ಅಭಿಪ್ರಾಯ. ಸಂಸ್ಥೆಯವರು ಇದನ್ನು ಒಪ್ಪಲಿಲ್ಲ, 4.0 ಹಿಡಿಯಬಹುದಿತ್ತು ಎಂದರು. ಒಳನೀರಿನಲ್ಲಿ ಗಾಳಿ ಎಷ್ಟು ಕಡಿಮೆಯಿತ್ತೆಂಬುದನ್ನು ಅವರು ದಂಡೆಯಿಂದ ನೋಡಿದ್ದರು, ನಾನು ನೀರಿನಲ್ಲಿದ್ದೆ.

ವಸತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಂಚಿಕೊಂಡ ಮನೆ, ಸ್ವಚ್ಛ, ಹಾಸಿಗೆಗಳು ಸಾಧಾರಣ. ಒದ್ದೆ ಸೂಟುಗಳನ್ನು ಒಣಗಿಸಲು ಬಿಸಿಗಾಳಿಯ ಪ್ರತ್ಯೇಕ ಕೋಣೆ ಇತ್ತು. ಬೆಳಗ್ಗೆ ಏಳಕ್ಕೆ ತಣ್ಣನೆಯ ಒದ್ದೆ ಸೂಟಿನೊಳಗೆ ಕಾಲು ತೂರಿಸಿದ ಅನುಭವವಿರುವವರಿಗೆ ಇದರ ಬೆಲೆ ತಿಳಿದೀತು. ಊಟ ಪ್ಯಾಕೇಜಿನಲ್ಲಿ ಸೇರಿಲ್ಲ. ಆರುನೂರೈವತ್ತರಷ್ಟು ಜನ ವಾಸಿಸುವ ದ್ವೀಪದಲ್ಲಿ ಅಂಗಡಿ ಹೋಟೆಲುಗಳ ಆಯ್ಕೆ ಎಷ್ಟಿದ್ದೀತು? ಸ್ಕ್ಯಾರಿನಿಶ್‌ನ ದಿನಸಿ ಅಂಗಡಿಯಲ್ಲಿ ಅಕ್ಕಿ, ಬೇಳೆ, ತರಕಾರಿ ಸಿಗುತ್ತವೆ. ಸಸ್ಯಾಹಾರಿಗಳು ಹೊರಗಿನ ಊಟ ನೆಚ್ಚಿಕೊಳ್ಳದೆ ಅಡುಗೆಗೆ ಸಿದ್ಧರಾಗಿ ಹೋಗುವುದು ಲೇಸು. ನಾನು ಗೊಜ್ಜವಲಕ್ಕಿಯ ಪುಡಿ ಒಯ್ದಿದ್ದೆ. ನನ್ನ ಕೋಣೆಯ ಡೇನಿಷ್ ಗೆಳೆಯ ಅದರ ಬಹುಪಾಲನ್ನು ಖಾಲಿ ಮಾಡಿದ.

ಪ್ರಯಾಣವೇ ಈ ಪ್ಯಾಕೇಜಿನ ದುರ್ಬಲ ಕೊಂಡಿ. ಗ್ಲಾಸ್ಗೋದಿಂದ ಓಬನ್‌ಗೆ ರಸ್ತೆಯಲ್ಲಿ ಎರಡೂವರೆ ಗಂಟೆ, ಅಲ್ಲಿಂದ ಹಡಗಿನಲ್ಲಿ ಕೋಲ್ ದ್ವೀಪದ ಮೇಲೆ ಹಾದು ಸುಮಾರು ನಾಲ್ಕು ಗಂಟೆ. ಅಲೆ ಸ್ಪರ್ಧೆಗೆ ಬೇಕಾದ ಗಾಳಿಯೇ ಹಡಗನ್ನು ನಿಲ್ಲಿಸುವ ಗಾಳಿ ಕೂಡ ಆಗಿರುವುದರಿಂದ, ಸಂಚಾರ ರದ್ದಾಗುವುದು ಅಲ್ಲಿ ಯಾರ ತಪ್ಪೂ ಅಲ್ಲ. ಬ್ರಿಟನ್ನಿನ ಬಾನುಲಿ ನಾವಿಕರಿಗಾಗಿ ಓದುವ ಹವಾವರದಿಯಲ್ಲಿ ಟೈರೀಯ ಸ್ವಯಂಚಾಲಿತ ಹವಾಕೇಂದ್ರದ ಹೆಸರು ದಿನವೂ ಬರುತ್ತದೆ. ಹೊರಡುವ ವಾರ ಅದನ್ನು ಕೇಳುತ್ತಿದ್ದರೆ ಅಂದಾಜು ಸಿಗುತ್ತದೆ. ನಾನು ಹೋಗುವ ಹಡಗು ಒಂದು ದಿನ ತಡವಾಯಿತು, ಕಡಲ ಪರಿಚಯದ ಮೊದಲ ದಿನ ಹಾಗೆಯೇ ಹೋಯಿತು. ಆ ದಿನದ ಹಣ ಮರಳಿಸುವ ಮಾತು ಬಂದಾಗ, ಹವಾಮಾನದಿಂದಾದ ನಷ್ಟಕ್ಕೆ ಹೊಣೆಯಲ್ಲ ಎಂಬ ಷರತ್ತನ್ನು ತೋರಿಸಿದರು. ಷರತ್ತು ಪತ್ರದಲ್ಲಿ ಇದ್ದದ್ದು ನಿಜ. ಆದರೆ ಪ್ಯಾಕೇಜಿನ ಅತ್ಯಂತ ಬೆಲೆಬಾಳುವ ಭಾಗವೇ ಆ ಪರಿಚಯದ ದಿನಗಳಾಗಿರುವಾಗ, ಅದಕ್ಕೆ ಬದಲಾಗಿ ಸ್ಪರ್ಧೆಯ ನಡುವಿನ ಬಿಡುವಿನ ದಿನದಲ್ಲಾದರೂ ಒಂದು ಸುತ್ತು ಕರೆದೊಯ್ಯಬಹುದಿತ್ತು. ಕೇಳಿದ ಮೇಲೆ ಅರ್ಧ ದಿನ ಕರೆದೊಯ್ದರು, ಅದೂ ಗಾಟ್ ಕೊಲ್ಲಿಗೆ.

ಹೋಗಬೇಕೆಂದಿರುವವರು ಬುಕಿಂಗ್ ಮಾಡುವಾಗ ತಮ್ಮ ತೂಕವನ್ನು ಬರೆದು, 4.2 ಅಥವಾ 4.5ರ ಹಾಯಿ ತಮ್ಮ ಹೆಸರಿಗೆ ಕಾಯ್ದಿಟ್ಟಿರುವುದಾಗಿ ಲಿಖಿತ ಉತ್ತರ ಪಡೆಯಿರಿ. ಸ್ವಂತ ಸಲಕರಣೆಯನ್ನು ಕಾರಿನಲ್ಲಿ ತರಬಲ್ಲ ಬ್ರಿಟನ್ ವಾಸಿಗಳು ಬಾಡಿಗೆಯ ಭಾಗವನ್ನು ಕೈಬಿಟ್ಟು ಕಡಲ ಪರಿಚಯವನ್ನಷ್ಟೇ ತೆಗೆದುಕೊಳ್ಳಬಹುದು. ಹಾಗೆ ಬಿಡಿಸಿ ಕೊಡುವುದಾಗಿ ಅವರ ಬೆಲೆಪಟ್ಟಿಯಲ್ಲಿ ಇಲ್ಲ, ಆದರೆ ನಮ್ಮ ಗುಂಪಿನಲ್ಲಿದ್ದ ಇಬ್ಬರು ಫೋನಿನಲ್ಲಿ ಕೇಳಿ ಹಾಗೆಯೇ ಪಡೆದಿದ್ದರು, ನಾನು ಕೊಟ್ಟದ್ದರ ಅರ್ಧಕ್ಕಿಂತ ಕಡಿಮೆ ಹಣಕ್ಕೆ.